ಬಂಡೆಗೆ ಹತ್ತಿದ ಡಾಂಬರು

“ಸರ, ಗೆದ್ದ ಮ್ಯಾಲೂ ಹೆದರಿಕಿ ಯಾಕ ಹೋಗವಲ್ದು?”

ಗವಿಸಿದ್ದ ಈ ಪ್ರಶ್ನೆ ಕೇಳಿದ್ದು ಪಂಪನಗೌಡ ಮಾಸ್ತರರ ಮನೆಯ ಮೆಟ್ಟಿಲ ಮೇಲೆ ನಿಂತು, ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದು ಕಾಲಿನದನ್ನು ಬಿಡುವುದರೊಳಗೆ. ನಮಸ್ಕಾರವಿಲ್ಲ, ಆರಾಮ ಅದೀರೇನ್ರಿ ಎಂಬ ಮಾತಿಲ್ಲ. ಬುಧವಾರ ಬೆಳಿಗ್ಗೆ ಎಂಟು ಗಂಟೆ. ಅವನು ಪಾಠಕ್ಕೆ ಬರುವ ದಿನ ಭಾನುವಾರ. ವಾರದ ನಡುವೆ ಹೀಗೆ ಬಂದು ನಿಂತಿದ್ದಾನೆಂದರೆ ಏನೋ ಇದೆ ಎಂದು ಮಾಸ್ತರರಿಗೆ ಗೊತ್ತಾಯಿತು. ಅವರು ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ, ತೊಳೆದ ಹುಣಸೆಬೀಜವನ್ನು ಒಣಗಲು ಹರಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಮೊದಲ ಇನ್ನೊಂದು ಚಪ್ಪಲಿ ಬಿಡಪಾ,” ಎಂದರು. “ಹೆದರಿಕಿ ಎಲ್ಲೂ ಹೋಗಂಗಿಲ್ಲ. ನಿನ್ನ ಜೋಡೀನ ಬಂದೈತಿ. ಕುಂದ್ರು.”

ಮಾಸ್ತರರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿದವರು. ಸಂಭವನೀಯತೆಯ ಪಾಠ ಬಂತೆಂದರೆ ಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದು ಮೇಜಿನ ಮೇಲೆ ಹರಡುತ್ತಿದ್ದರು. ಇದಕ್ಕಾಗಿ ಪ್ರಿನ್ಸಿಪಾಲರಿಂದ ಎರಡು ಸಲ ನೋಟೀಸು ಬಂತು. ಮೂರನೆಯ ಸಲ ಪ್ರಿನ್ಸಿಪಾಲರೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತವರು ತರಗತಿ ಮುಗಿದ ಗಂಟೆ ಕೇಳಿದರೂ ಏಳಲಿಲ್ಲ. ಅಂಥ ಪಾಠ. ಹಾಗೆಂದು ದುಡ್ಡು ಇಟ್ಟು ಒಂದು ಆಟವನ್ನಾದರೂ ಆಡಿದವರಲ್ಲ. ಅವರ ಮನೆಯಲ್ಲಿ ಆಟವೆಲ್ಲ ಹುಣಸೆಬೀಜದ ಮೇಲೆಯೇ. ಸೋತವನು ಬೀಜ ತೊಳೆದು ಕೊಡಬೇಕು. ಮಾಸ್ತರರೇ ತೊಳೆಯುತ್ತಿದ್ದರೆಂದರೆ ಹಿಂದಿನ ದಿನ ಹೆಂಡತಿಗೆ ಸೋತಿದ್ದಾರೆಂದು ಲೆಕ್ಕ.

ಗವಿಸಿದ್ದ ಅವರ ಹಳೆಯ ವಿದ್ಯಾರ್ಥಿ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಪರೀಕ್ಷೆ ಮಾಡುವ ಕೆಲಸ ಅವನದು. ಲಾರಿ ಬಂದು ನಿಂತರೆ ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಹಿಡಿ ಭತ್ತ ಹೊರಗೆಳೆದು, ಒಂದು ಕಾಳು ಹಲ್ಲಿನಲ್ಲಿ ಕಡಿದು, ತೇವವೆಷ್ಟು ಜೊಳ್ಳೆಷ್ಟು ಎಂದು ಹೇಳಿಬಿಡುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಅವನ ಮಾತನ್ನು ಯಾರೂ ತಕ್ಕಡಿಗೆ ಹಾಕಿರಲಿಲ್ಲ.

ನಾಲ್ಕು ವರ್ಷದ ಕೆಳಗೆ ಅವನಿಗೆ ಪೋಕರ್ ಎಂಬ ಇಸ್ಪೀಟಾಟದ ಹುಚ್ಚು ಹಿಡಿಯಿತು. ದುಡ್ಡು ಕಟ್ಟಿ ಆಡುವ ಆಟಗಳು ಫೋನಿನಲ್ಲಿ ಇನ್ನೂ ಸಿಗುತ್ತಿದ್ದ ದಿನಗಳ ಮಾತು ಇದು. ಐವತ್ತು ರೂಪಾಯಿ ಕಟ್ಟಿದರೆ ಟೂರ್ನಮೆಂಟಿಗೆ ಪ್ರವೇಶ. ಎಲ್ಲೆಲ್ಲಿಂದಲೋ ಸಾವಿರ ಜನ ಕೂಡುತ್ತಾರೆ. ಎಲ್ಲರಿಗೂ ಸಮನಾಗಿ ಚಿಪ್ಸು, ಅಂದರೆ ಪಣಕ್ಕೆ ಒಡ್ಡುವ ಬಿಲ್ಲೆ, ಹಂಚುತ್ತಾರೆ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಚಿಪ್ಸು ಮುಗಿದವನು ಎದ್ದು ಹೋಗುತ್ತಾನೆ, ಕೊನೆಗೆ ಉಳಿದವನು ಗೆಲ್ಲುತ್ತಾನೆ. ಇಷ್ಟೇ ಆಟ. ಆದರೆ ಈ ಇಷ್ಟರಲ್ಲಿ ಯಾವಾಗ ಚಿಪ್ಸು ಮುಂದೆ ತಳ್ಳಬೇಕು, ಯಾವಾಗ ಕೈಬಿಡಬೇಕು ಎಂಬುದನ್ನು ಕಲಿಯಲು ಮನುಷ್ಯನಿಗೆ ಒಂದು ಜನ್ಮ ಸಾಲದು. ಗವಿಸಿದ್ದ ಅದನ್ನು ಕಲಿಯಲು ಭಾನುವಾರ ಬೆಳಿಗ್ಗೆ ಮಾಸ್ತರರ ಕಟ್ಟೆಗೆ ಬರುತ್ತಿದ್ದ, ಮಧ್ಯಾಹ್ನ ಮನೆಗೆ ಹೋಗಿ ಆಡುತ್ತಿದ್ದ.

ಹೋದ ಭಾನುವಾರ ಅವನು ಗೆದ್ದಿದ್ದ. ಸಾವಿರದ ಇನ್ನೂರು ಜನರಲ್ಲಿ ಮೊದಲನೆಯವನು.

ಈಗ ಕಟ್ಟೆಯ ಅಂಚಿನಲ್ಲಿ ಕುಳಿತವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಮಡಚಿದ ಕಾಗದವಿತ್ತು. ಮಾತಿಗೊಮ್ಮೆ ಕೈ ಅಲ್ಲಿಗೇ ಹೋಗುತ್ತಿತ್ತು.

“ಅದೇನದು, ಜೇಬಿನಾಗ ಚೇಳು ಇಟಗೊಂಡಂಗ ಮುಟ್ಟಿಮುಟ್ಟಿ ನೋಡಾಕ ಹತ್ತೀ?” ಎಂದರು ಮಾಸ್ತರರು.

“ರಾಜೀನಾಮಿ ರೀ ಸರ.”

ಮಾಸ್ತರರ ಕೈ ಬೀಜದ ಮೇಲೆ ನಿಂತಿತು.

ಗವಿಸಿದ್ದ ಒಂದೇ ಉಸಿರಿಗೆ ಹೇಳಿದ. ಐವತ್ತು ರೂಪಾಯಿಯ ಆಟ ಸಾಕಾಯಿತು. ಇನ್ನು ಸಾವಿರಗಟ್ಟಲೆ ಕಟ್ಟಿ ಆಡುವ ಮೇಲಿನ ಕೋಣೆಯಲ್ಲಿ ಆಡಬೇಕು. ಅಲ್ಲಿ ಕೂಡುವವರು ದಿನವಿಡೀ ಅದನ್ನೇ ಮಾಡುವವರು. ಗಿರಣಿಯ ಕೆಲಸ ಮಾಡಿಕೊಂಡು ಅವರೆದುರು ಕೂರಲು ಆಗುವುದಿಲ್ಲ. ಗಿರಣಿಯ ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿಯೂ ಆಗಿದೆ. ಅವರು, ‘ಇವತ್ತು ಸಂಜೆಯೊಳಗೆ ಕಾಗದ ಕೊಟ್ಟರೆ ಕೊಡು, ಇಲ್ಲ ಅಂದರೆ ಇಲ್ಲ ಅನ್ನು, ನಿನ್ನ ಜಾಗಕ್ಕೆ ಬರುವವನು ಬಾಗಿಲಲ್ಲಿ ನಿಂತಿದ್ದಾನೆ’ ಎಂದಿದ್ದಾರೆ. ಹೆಂಡತಿ ಹುಲಿಗೆಮ್ಮ ಜಗಳ ಮಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಜಗಳ ಮಾಡಲಿಲ್ಲ. ‘ನಿಮಗ ಗಟ್ಟಿ ಅನ್ನಿಸಿದ್ರ ಬಿಡ್ರಿ’ ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. ಅಂದಿನಿಂದ ಅವನು ಆ ಗಟ್ಟಿಯನ್ನು ಹುಡುಕುತ್ತಿದ್ದಾನೆ. ಕೈಗೆ ಸಿಗುತ್ತಿಲ್ಲ.

“ಗೆದ್ದದ್ದು ಹೆಂಗ, ಅದನ್ನ ಹೇಳು ಮೊದಲ,” ಎಂದರು ಮಾಸ್ತರರು.

ಗವಿಸಿದ್ದನ ಕಣ್ಣಿಗೆ ಆಗ ಒಂದಿಷ್ಟು ಜೀವ ಬಂತು.

“ಕೊನೀಗೆ ಮೂರು ಮಂದಿ ಉಳಿದಿದ್ವಿ ಸರ. ನನ್ನ ಕೈಯಾಗ ರಾಜ, ನಾಲ್ಕು. ಎದುರಿನಂವ ಇದ್ದಬದ್ದ ಚಿಪ್ಸೆಲ್ಲ ಮುಂದ ತಳ್ಳಿದ. ಮೂರು ತಾಸಿನಿಂದ ನೋಡೀನಿ, ಆ ಮನಶ್ಯಾ ಚಲೋ ಎಲಿ ಇಲ್ಲದ ಕೈ ಮುಂದ ಮಾಡಿದಂವಲ್ಲ. ಬಿಡಬೇಕಂತನ ಇತ್ತು. ಬೆರಳು ಕೇಳಲಿಲ್ಲ, ಒತ್ತಿಬಿಡ್ತು. ತಗದು ತೋರಸ್ತಾನ, ಎಕ್ಕದ ಜೋಡಿ! ನನ್ನ ಜೀವಾನ ಹೋತು. ನಡುವಿನ ಎಲಿ ಬಿದ್ದುವು. ಮೊದಲ ಮೂರರಾಗ ಒಂದು ನಾಲ್ಕು. ಕೊನೇ ಎಲಿ, ಕಳಾವರ್ ನಾಲ್ಕು! ನನಗ ಮೂರು ನಾಲ್ಕು ಆದುವು ಸರ. ಅವನ ಎಕ್ಕ ಬಾಯಿ ಮುಚ್ಚಿಕೊಂಡು ಹೋದುವು. ಅಲ್ಲಿಂದ ನನ್ನನ್ನ ಹಿಡಿಯವರ ಇರಲಿಲ್ಲ.”

“ಚಲೋ ಆತು,” ಎಂದರು ಮಾಸ್ತರರು. “ರಾಜ-ನಾಲ್ಕು ಹಿಡಕೊಂಡು ಎಕ್ಕದ ಜೋಡಿ ಎದುರು ನೂರು ಸಲ ಕುಂತರ ಎಷ್ಟು ಸಲ ಗೆಲ್ತೀ?”

“ಹನ್ನೆರಡು ಸರ,” ಎಂದ ಗವಿಸಿದ್ದ, ತರಗತಿಯಲ್ಲಿ ಎದ್ದು ನಿಂತು ಹೇಳಿದ ಹಾಗೆ. ಹೇಳಿ ಮುಗಿಸುವಾಗ ಎದೆಯಲ್ಲಿ ಏನೋ ಒಮ್ಮೆ ಅದುರಿತು. ಮೂರು ದಿನದಿಂದ ಅದುರುತ್ತಿದ್ದದ್ದೇ. ಅವನು ಅದನ್ನು ದಾಟಿ ಮುಂದೆ ಹೋದ.

“ಹಂಗಂತ ನಾನು ಬರೇ ದೈವದ ಮ್ಯಾಲೆ ಆಡಾಂವಲ್ರಿ ಸರ. ನೀವು ಮೊದಲನೇ ದಿನ ಬರದಿಡು ಅಂದಿದ್ರಿ. ಬರದೀನಿ. ನೋಡ್ರಿ.”

ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಎರಡೂ ಕೈಯಿಂದ ಕೊಟ್ಟ. ಕಂದು ರಟ್ಟು, ಮೂಲೆಗಳು ಸವೆದಿದ್ದವು. ಇಷ್ಟು ವರ್ಷ ಅದನ್ನು ಮಾಸ್ತರರಿಗೆ ತೋರಿಸಲು ಅವನಿಗೆ ನಾಚಿಕೆಯಾಗುತ್ತಿತ್ತು. ಇವತ್ತು ಬೇರೆ ದಾರಿ ಕಾಣದೆ ತಂದಿದ್ದ.

ಮಾಸ್ತರರು ಕನ್ನಡಕ ಮೂಗಿಗೇರಿಸಿ ತಿರುವಿದರು. ಅಚ್ಚುಕಟ್ಟಾದ ಕೆಲಸ. ಒಂದೊಂದು ಪುಟಕ್ಕೆ ಒಂದೊಂದು ಆಟ. ಕೈಯಲ್ಲಿದ್ದ ಎಲೆ, ನಡುವೆ ಬಿದ್ದ ಎಲೆ, ಯಾರು ಎಷ್ಟು ತಳ್ಳಿದರು, ತಾನು ಏನು ಮಾಡಿದೆ. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ, ಅದರ ಕೆಳಗೆ ಕಲಿತ ಪಾಠ. ಒಂದು ಪುಟದಲ್ಲಿ ಗವಿಸಿದ್ದನ ಕೈಯಲ್ಲಿ ರಾಜನ ಜೋಡಿ. ಎಲ್ಲವನ್ನೂ ತಳ್ಳಿದ್ದಾನೆ. ಎದುರಿನ ಒಬ್ಬ ಎಲ್ಲಕ್ಕಿಂತ ಕಳಪೆಯಾದ ಏಳು-ಎರಡು ಹಿಡಿದುಕೊಂಡು ಸುಮ್ಮನೆ ಒತ್ತಿದ್ದಾನೆ. ನಡುವೆ ಎರಡು ಏಳು ಬಿದ್ದು ಗವಿಸಿದ್ದ ಮನೆಗೆ ಹೋಗಿದ್ದಾನೆ. ಕೆಳಗೆ ಕೆಂಪಿನಲ್ಲಿ: ‘ರಾಜನ ಜೋಡಿ ಬಂದರೂ ಇನ್ನು ಮೇಲೆ ಎಲ್ಲಾ ತಳ್ಳಬಾರದು.’

ಆ ಪುಟದ ಮೇಲೆ ಮಾಸ್ತರರ ಬೆರಳು ಸ್ವಲ್ಪ ಹೊತ್ತು ನಿಂತಿತು.

“ಎಷ್ಟು ಆಟ ಅದಾವು ಇದರಾಗ?”

“ಇನ್ನೂರಾ ಹನ್ನೆರಡು ಸರ. ಒಂದೂ ಬಿಟ್ಟಿಲ್ಲ. ನನ್ನನ್ನ ಟೂರ್ನಮೆಂಟಿನಿಂದ ಹೊರಗ ಹಾಕಿದ ಆಟ ಎಲ್ಲಾ ಬರದೀನಿ. ಎಲ್ಲಿ ಪೆಟ್ಟು ತಿಂದೆ, ಅಲ್ಲಿ ಎರಡನೇ ಸಲ ಕಾಲಿಟ್ಟಿಲ್ಲ. ಮತ್ತ ನಾನು ತಯಾರಾಗೀನೋ ಇಲ್ಲೋ? ತಯಾರಾಗಿದ್ರ ಈ ಹೆದರಿಕಿ ಯಾಕ?”

ಮಾಸ್ತರರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಒಳಗಿನಿಂದ ಅವರ ಹೆಂಡತಿ ಶರಣಮ್ಮ ಎರಡು ಲೋಟ ಚಹಾ ತಂದಿಟ್ಟು, ಗವಿಸಿದ್ದನ ಮುಖ ನೋಡಿದರು.

“ಯಾಕೋ ತಮ್ಮಾ, ಮಾರಿ ಬಾಡಿಸಿಕೊಂಡೀಯಲ್ಲ? ನಿಮ್ಮ ಮಾಸ್ತರಂತೂ ನಿನ್ನೆ ನನ್ನ ಕೈಯಾಗ ನೂರಾಐವತ್ತು ಬೀಜ ಸೋತು ಹೆಂಗ ಹಲ್ಲು ಕಿಸಕೊಂಡು ಕುಂತಾರ ನೋಡು. ಕಲಿಯಾದಿದ್ರ ಅದನ್ನ ಕಲಿ.”

ಮಾಸ್ತರರು ನಕ್ಕರು. ಗವಿಸಿದ್ದನಿಗೆ ನಗು ಬರಲಿಲ್ಲ. ಶರಣಮ್ಮ ಒಳಗೆ ಹೋದ ಮೇಲೆ ಮಾಸ್ತರರು ಸಂಬಂಧವಿಲ್ಲದ ಒಂದು ಮಾತು ಕೇಳಿದರು.

“ಅಲ್ಲಪಾ, ಗಿರಣ್ಯಾಗ ನೀನು ಹರಿದ ಚೀಲಕ್ಕಷ್ಟ ಕೊಳವಿ ಚುಚ್ಚತೀಯೋ, ಗಟ್ಟಿ ಚೀಲಕ್ಕೂ ಚುಚ್ಚತೀಯೋ?”

“ಎಲ್ಲಾ ಚೀಲಕ್ಕೂ ಚುಚ್ಚಬೇಕ್ರಿ ಸರ. ಹೊರಗ ಚಂದ ಕಾಣೋದರಾಗನ ಜೊಳ್ಳು ತುಂಬಿರತಾರ ಮಂದಿ.”

“ಹೌದಲ್ಲ,” ಎಂದರು ಮಾಸ್ತರರು. ಚಹಾ ಒಂದು ಗುಟುಕು ಕುಡಿದು ಕತೆಗೆ ತೊಡಗಿದರು. ಕತೆ ಹೇಳುವಾಗ ಅವರ ಮಾತು ತಾನಾಗಿಯೇ ಪಾಠದ ಮಾತಿಗೆ ಹೊರಳುತ್ತಿತ್ತು, ಹಳೆಯ ಅಭ್ಯಾಸ.

ಒಂದು ಹೊಳೆಯಿತ್ತು. ಹೊಳೆಗೆ ಒಂದು ಕಡವು, ಕಡವಿಗೆ ಒಬ್ಬ ಅಂಬಿಗ. ಅವನದು ಬಿದಿರಿನ ದುಂಡು ಹರಿಗೋಲು. ತಳಕ್ಕೆ ಗೋಣಿ ಹೊದಿಸಿ ಕಾಸಿದ ಡಾಂಬರು ಬಳಿದಿದ್ದ. ಜನರನ್ನು, ಆಡುಗಳನ್ನು, ಸೊಪ್ಪಿನ ಹೊರೆಗಳನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಬದುಕು.

ಆ ಹೊಳೆಯ ಮೈಯೆಲ್ಲ ಬಂಡೆ. ನೀರಿರುವಾಗ ಒಂದೂ ಕಾಣುವುದಿಲ್ಲ. ಅಂಬಿಗ ಎಚ್ಚರದ ಮನುಷ್ಯ. ಹರಿಗೋಲಿಗೆ ಎಲ್ಲಿಯಾದರೂ ಪೆಟ್ಟು ಬಿದ್ದರೆ, ಮರುದಿನ ಅಲ್ಲಿಗೆ ಹೋಗಿ ಒಂದು ಬಿದಿರಿನ ಗಳ ನೆಟ್ಟು ಅದರ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಮತ್ತೆ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ.

ಒಮ್ಮೆ ಬಂಡೆ ಬಡಿಯಿತು. ಗಳ ನೆಟ್ಟ. ಒಮ್ಮೆ ಮೇಲಿನಿಂದ ತೇಲಿಬಂದ ಮರದ ದಿಮ್ಮಿ ಬಡಿಯಿತು. ಅಲ್ಲಿ ಬಂಡೆ ಇರಲಿಲ್ಲ. ಎರಡಾಳು ಆಳದ ಒಳ್ಳೆಯ ದಾರಿ ಅದು. ಅಲ್ಲಿಯೂ ಗಳ ನೆಟ್ಟ. ಒಮ್ಮೆ ಸುಳಿಗಾಳಿ ಎದ್ದು ಹರಿಗೋಲು ಮಗುಚಿತು. ಗಾಳಿ ಎದ್ದ ಜಾಗಕ್ಕೂ ಒಂದು ಗಳ ನೆಟ್ಟ.

“ಶಾಣ್ಯಾ ಮನಶ್ಯಾ ಅಲ್ರಿ ಸರ ಅಂವ,” ಎಂದ ಗವಿಸಿದ್ದ.

“ಭಾಳ ಶಾಣ್ಯಾ,” ಎಂದರು ಮಾಸ್ತರರು.

ಆರು ವರ್ಷದಲ್ಲಿ ಹೊಳೆಯ ತುಂಬ ಕೆಂಪು ಬಟ್ಟೆಗಳು ಹಾರಾಡತೊಡಗಿದವು. ಗಳವಿಲ್ಲದ ದಾರಿ ಒಂದೇ ಒಂದು ಉಳಿಯಿತು. ಈ ದಡದ ಬಸರಿಮರದ ನೇರಕ್ಕೆ ಹೊರಟು, ನಡುಹೊಳೆಯಲ್ಲಿ ತುಸು ಎಡಕ್ಕೆ ಹೊರಳಿ, ಆ ದಡದ ಕಲ್ಲುಮಂಟಪ ಸೇರುವ ದಾರಿ. ಅಲ್ಲಿ ಅವನಿಗೆ ಒಂದು ಸಲವೂ ಏನೂ ಆಗಿರಲಿಲ್ಲ. ಅದನ್ನು ಅವನು ಚೊಕ್ಕ ದಾರಿ ಎಂದು ಕರೆಯುತ್ತಿದ್ದ. ದಾಟಿದವರೆಲ್ಲ ಅವನ ಕೈಯನ್ನು ಹೊಗಳುತ್ತಿದ್ದರು.

ಒಂದು ಸಣ್ಣ ಸಂಗತಿ ಇತ್ತು. ನಡುಹೊಳೆಯಲ್ಲಿ ಎಡಕ್ಕೆ ಹೊರಳುವಾಗ ಹರಿಗೋಲಿನ ತಳ ಒಮ್ಮೆ ಅವನ ಅಂಗಾಲಿಗೆ ಅದುರಿದಂತಾಗುತ್ತಿತ್ತು, ಕಂಬಳಿಯ ಅಡಿಯಲ್ಲಿ ಬೆಕ್ಕು ಮೈಮುರಿದ ಹಾಗೆ. ನೀರಿನ ಸೆಳೆತ ಎಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ದಡ ಬರುತ್ತಿತ್ತು. ಜನ ಇಳಿಯುತ್ತಿದ್ದರು. ಅವನು ಮರೆಯುತ್ತಿದ್ದ. ತಳದ ಡಾಂಬರು ಮಾತ್ರ ಪ್ರತಿ ವರ್ಷ ಬೇಗನೆ ಸವೆಯುತ್ತಿತ್ತು. ಡಾಂಬರು ಸವೆಯದೆ ಇರುತ್ತದೆಯೇ ಎಂದು ಹೊಸದು ಬಳಿಯುತ್ತಿದ್ದ.

ಕೆಳಗಿನ ಕಡವಿನಲ್ಲಿ ಅವನ ಸೋದರಮಾವ ಇದ್ದ. ಅವನೂ ಅಂಬಿಗ, ಮುದುಕ. ಅವನಿಗೆ ಒಂದು ರೂಢಿ. ಬೇಸಿಗೆಯಲ್ಲಿ ಹೊಳೆ ಇಳಿದು ಹರಿಗೋಲಿಗೆ ಕೆಲಸವಿಲ್ಲದಾಗ, ಧೋತರ ಮೇಲೆ ಕಟ್ಟಿ, ತಾನು ವರ್ಷವಿಡೀ ಸುಖವಾಗಿ ದಾಟಿದ ದಾರಿ ಹಿಡಿದು ಹೊಳೆಯೊಳಗೆ ನಡೆಯುತ್ತಿದ್ದ. ಕಣ್ಣಿಗಿಂತ ಹೆಚ್ಚಾಗಿ ಕಾಲಿನಿಂದ ನೋಡುತ್ತಿದ್ದ. ಬಟ್ಟೆ ಒಗೆಯುವ ಹೆಂಗಸರು ಅವನನ್ನು ಕೆಣಕುತ್ತಿದ್ದರು.

“ಏನಜ್ಜಾ, ಹೊಳ್ಯಾಗ ಏನು ಕಳಕೊಂಡಿ?”

“ಏನೂ ಕಳಕೊಂಡಿಲ್ಲವ್ವಾ. ಯಾಕ ಕಳಕೊಳ್ಳಲಿಲ್ಲ ಅಂತ ನೋಡಾಕ ಹತ್ತೀನಿ.”

ಹೆಂಗಸರು ನಗುತ್ತಿದ್ದರು. ಅಳಿಯನೂ ನಗುತ್ತಿದ್ದ. ಮುದುಕ ಅವನನ್ನು ಕರೆದ. ನಿನ್ನ ದಾರಿಯನ್ನೂ ಒಮ್ಮೆ ನಡೆದು ನೋಡೋಣ ಬಾ ಎಂದ. ಅಂಬಿಗ, ನಾನೂ ಬೇಸಿಗೆಯಲ್ಲಿ ಹೊಳೆಗೆ ಇಳಿಯುತ್ತೇನೆ, ನನ್ನ ಗಳಗಳಿರುವ ಜಾಗಕ್ಕೆಲ್ಲ ಹೋಗಿ ನೋಡಿ ಬರುತ್ತೇನೆ, ಏನೂ ಆಗದ ದಾರಿಯಲ್ಲಿ ನೋಡುವುದೇನಿದೆ ಎಂದ. ಮುದುಕ ಮತ್ತೆ ಕರೆಯಲಿಲ್ಲ.

ಏಳನೆಯ ವರ್ಷ ಒಬ್ಬ ಉಪ್ಪಿನ ವ್ಯಾಪಾರಿ ಆ ಕಡವಿಗೆ ಬಂದ. ಅಂಬಿಗನ ಹೆಸರು ಕೇಳಿ ಬಂದಿದ್ದ. ಆಡು ಸೊಪ್ಪು ಸಾಗಿಸುವುದು ಬಿಡು, ಇನ್ನು ಮುಂದೆ ವಾರವಾರವೂ ನನ್ನ ಉಪ್ಪನ್ನು ದಾಟಿಸು ಎಂದ. ಅಂಬಿಗನಿಗೆ ಹಿಗ್ಗು ತಡೆಯಲಾಗಲಿಲ್ಲ. ಊರಿನವರಿಗೆಲ್ಲ ಹೇಳಿಕೊಂಡು ಬಂದ.

ಆದರೆ ಉಪ್ಪಿನ ದಿನ ಬೆಳಿಗ್ಗೆ ಅವನಿಗೆ ಹೆದರಿಕೆ ಹತ್ತಿತು. ದಡದಲ್ಲಿ ನಿಂತು ಗಳಗಳನ್ನು ನೋಡಿದ. ಎಲ್ಲವೂ ಇದ್ದಲ್ಲೇ ಇದ್ದವು. ಚೊಕ್ಕ ದಾರಿಯನ್ನು ನೋಡಿದ. ಅಲ್ಲಿ ಒಂದು ಗಳವೂ ಇರಲಿಲ್ಲ. ಹೆದರಲು ಕಾರಣ ಹುಡುಕಿದ. ಸಿಗಲಿಲ್ಲ.

“ಮತ್ತ ಯಾಕ್ರಿ ಹೆದರಿಕಿ ಆತು ಅವಂಗ?” ಎಂದ ಗವಿಸಿದ್ದ. ಅವನ ಚಹಾ ಮುಟ್ಟದೆ ಕೆನೆಗಟ್ಟಿತ್ತು.

ಮಾಸ್ತರರು ಕೇಳಿಸದವರಂತೆ ಮುಂದುವರಿಸಿದರು.

ಚೀಲಗಳನ್ನು ಏರಿಸಿದರು. ವ್ಯಾಪಾರಿಗೆ ಈಜು ಬಾರದು. ಅವನು ಚೀಲಗಳ ಮೇಲೆ ಕುಳಿತು ಹರಿಗೋಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಅಂಬಿಗಣ್ಣ, ದಾರಿ ಚೊಕ್ಕ ಐತಲ್ಲ?”

“ಆರು ವರ್ಷ ಆತು ಸಾವಕಾರ್ರ. ಒಂದು ಗಳಾನೂ ನೆಟ್ಟಿಲ್ಲ ನೋಡ್ರಿ ಅಲ್ಲಿ.”

ಬಸರಿಮರದ ನೇರಕ್ಕೆ ಹೊರಟರು. ನೀರು ಎಂದಿನಷ್ಟೇ ಇತ್ತು. ಗಾಳಿ ಇರಲಿಲ್ಲ. ಕೈ ತಪ್ಪಲಿಲ್ಲ. ಉಪ್ಪಿನ ಭಾರಕ್ಕೆ ಹರಿಗೋಲು ಮಾತ್ರ ಎಂದಿಗಿಂತ ನಾಲ್ಕು ಬೆರಳು ಕೆಳಗಿತ್ತು. ನಡುಹೊಳೆಯಲ್ಲಿ ಎಡಕ್ಕೆ ಹೊರಳಿದರು. ಈ ಸಲ ತಳ ಅದುರಲಿಲ್ಲ. ಹರಿಯಿತು.

ನೀರು ಒಳಗೆ ನುಗ್ಗಿತು. ವ್ಯಾಪಾರಿ ಕೂಗಿಕೊಂಡು ಹೊಳೆಗೆ ಬಿದ್ದ. ಸೆಳೆತ ಅವನನ್ನು ಎಳೆದುಕೊಂಡು ಹೋಗಿ ಒಂದು ಗಳಕ್ಕೆ ಒಯ್ದು ಒಗೆಯಿತು. ಹಿಂದೆ ದಿಮ್ಮಿ ಬಡಿದ ಜಾಗದ ಗಳ ಅದು. ಅದನ್ನು ತಬ್ಬಿಕೊಂಡು ಅವನು ಜೀವ ಹಿಡಿದ. ಅಂಬಿಗ ಈಜಿ ಅವನ ಪಕ್ಕಕ್ಕೆ ಬಂದ. ಕೆಳಗಿನ ಕಡವಿನಿಂದ ಮುದುಕ ಹುಟ್ಟು ಹಾಕುತ್ತ ಬಂದು ಇಬ್ಬರನ್ನೂ ಎತ್ತಿಕೊಂಡ. ಅವರು ದಡ ಸೇರುವುದರೊಳಗೆ ಉಪ್ಪೆಲ್ಲ ಕರಗಿ ಬರಿಯ ಚೀಲಗಳು ತೇಲಿಹೋಗುತ್ತಿದ್ದವು.

ವ್ಯಾಪಾರಿ ಚಳಿಗೆ ನಡುಗುತ್ತಿದ್ದ. “ಚೊಕ್ಕ ದಾರಿ ಅಂದೆಲ್ಲೋ!”

“ಚೊಕ್ಕನ ಇತ್ತು ಸಾವಕಾರ್ರ!” ಎಂದ ಅಂಬಿಗ. ಅವನ ಕಣ್ಣಲ್ಲಿ ನೀರು ಬಂತು. “ಆರು ವರ್ಷದಾಗ ಒಮ್ಮೆ ಬಡದಿಲ್ಲ. ಇವತ್ತು ನನ್ನ ದೈವ ಕೆಟ್ಟಿತ್ತು.”

ವ್ಯಾಪಾರಿ ಎದ್ದು ಹೋದ. ಮತ್ತೆ ಬರಲಿಲ್ಲ. ಅಂಬಿಗ ಒಂದು ಹೊಸ ಗಳ ಕಡಿದು, ಕೆಂಪು ಬಟ್ಟೆ ಹರಿದುಕೊಂಡು, ಹೊಳೆಗೆ ಇಳಿಯಲು ಹೊರಟ. ಮುದುಕ ಅವನ ತೋಳು ಹಿಡಿದ. ಈಗ ಬೇಡ, ಬೇಸಿಗೆ ಬರಲಿ ಎಂದ.

ಬೇಸಿಗೆ ಬಂತು. ಹೊಳೆ ಮೊಣಕಾಲಿಗೆ ಇಳಿಯಿತು. ಎಲ್ಲಿ ನೋಡಿದರೂ ಬಂಡೆ. ಯಾವುದು ಯಾರ ದಾರಿಯದು ಎಂದು ದಡದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಮಾವ ಮುಂದೆ, ಅಳಿಯ ಹಿಂದೆ, ಬಸರಿಮರದ ನೇರಕ್ಕೆ ನಡೆದರು. ಎಡಕ್ಕೆ ಹೊರಳುವಲ್ಲಿ ಒಂದು ಬಂಡೆ ಎದುರಾಯಿತು. ಸುತ್ತಲಿನ ಬಂಡೆಗಳೆಲ್ಲ ಬಿಳಿಚಿದ್ದವು. ಇದೊಂದರ ನೆತ್ತಿ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು.

ಅಂಬಿಗ ಬಗ್ಗಿ ಮುಟ್ಟಿದ. ಬಿಸಿಲಿಗೆ ಮೆತ್ತಗಾಗಿ ಬೆರಳಿಗೆ ಅಂಟಿತು. ಡಾಂಬರು. ಒಂದರ ಮೇಲೊಂದು ಪದರ, ಹೆಬ್ಬೆರಳಿನಷ್ಟು ದಪ್ಪ. ಆರು ವರ್ಷದ್ದು. ಅವನು ಸುಖವಾಗಿ ದಾಟಿದ ಒಂದೊಂದು ಸಲದ್ದೂ ಅಲ್ಲಿ ಇತ್ತು.

ಅಂಬಿಗ ಕೈಯಲ್ಲಿದ್ದ ಕೆಂಪು ಬಟ್ಟೆಯನ್ನು ನೋಡಿದ, ಹೊಳೆಯ ತುಂಬ ಹಾರುತ್ತಿದ್ದ ಉಳಿದವನ್ನೂ ನೋಡಿದ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಚ್ಚಬೇಕು ಎಂದು ತಿಳಿಯದೆ ನೀರಿನಲ್ಲಿ ನಿಂತ.

ಕತೆ ಅಲ್ಲಿಗೆ ನಿಂತಿತು. ಮಾಸ್ತರರು ತಣ್ಣಗಾದ ಚಹಾ ಕುಡಿದು ಮುಗಿಸಿದರು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು, ಹುಣಸೆಬೀಜಗಳು ಒಣಗಿ ಬಣ್ಣ ತಿರುಗುತ್ತಿದ್ದವು.

ಗವಿಸಿದ್ದನಿಗೆ ಕತೆ ಹಿಡಿಸಿತು. ಆದರೆ ಅವನಿಗೆ ಬೇಕಾದದ್ದು ಕತೆಯಾಗಿರಲಿಲ್ಲ. ಗಿರಣಿಗೆ ಹೋಗುವ ಹೊತ್ತಾಗಿತ್ತು. ಸಂಜೆ ಮಾಲೀಕರ ಮುಂದೆ ನಿಲ್ಲಬೇಕು, ಆಮೇಲೆ ಮನೆಗೆ ಹೋಗಿ ಹುಲಿಗೆಮ್ಮನ ಮುಂದೆ. ಇಬ್ಬರಿಗೂ ಹೇಳಲು ಒಂದು ಗಟ್ಟಿ ಮಾತು ಬೇಕಿತ್ತು. ಹೂಂ ಎಂದಾದರೂ ಆಗಲಿ, ಊಹೂಂ ಎಂದಾದರೂ ಆಗಲಿ. ಅವನು ಜೇಬಿನಿಂದ ಕಾಗದ ಹೊರಗೆ ತೆಗೆದ.

“ಅಂಬಿಗ ತಪ್ಪು ಮಾಡಿದ, ಖರೆ. ಅದು ತಿಳೀತು ಸರ. ಆದರ ಅವಂಗ ದಾರಿ ಗೊತ್ತಿರಲಿಲ್ಲ. ನನ್ನ ತಪ್ಪೆಲ್ಲ ನನಗ ಗೊತ್ತದಾವು, ಇನ್ನೂರಾ ಹನ್ನೆರಡೂ ಬರದು ಇಟ್ಟೀನಿ, ನಿಮ್ಮ ಕೈಯಾಗ ಐತಿ ಪುಸ್ತಕ. ಒಂದು ಮಾತು ಹೇಳಿಬಿಡ್ರಿ. ಈ ಕಾಗದ ಕೊಡ್ಲೋ ಬ್ಯಾಡೋ?”

ಮಾಸ್ತರರು ಕಾಗದದ ಕಡೆ ನೋಡಲಿಲ್ಲ. ತೊಡೆಯ ಮೇಲಿದ್ದ ಕಂದು ರಟ್ಟಿನ ಪುಸ್ತಕ ತೆರೆದರು. ಕೊನೆಯ ಪುಟದಿಂದ ಹಿಂದಕ್ಕೆ, ಬೆರಳಿಗೆ ಎಂಜಲು ಹಚ್ಚಿಕೊಂಡು, ಒಂದೊಂದೇ ಹಾಳೆ ತಿರುವುತ್ತ ಹೋದರು. ಅವರು ಏನನ್ನೋ ಹುಡುಕುತ್ತಿದ್ದರು. ಗವಿಸಿದ್ದ ಸಹಾಯ ಮಾಡಲು ಮುಂದಕ್ಕೆ ಬಾಗಿದ.

“ಸಿಗವಲ್ದು,” ಎಂದರು ಮಾಸ್ತರರು, ಪುಸ್ತಕವನ್ನು ಅವನ ಕಡೆ ತಿರುಗಿಸಿ. “ಭಾನುವಾರದ ರಾಜ-ನಾಲ್ಕು ಯಾವ ಪುಟದಾಗ ಬರದೀಯಪಾ?”

ಗವಿಸಿದ್ದ ಕಾಗದವನ್ನು ಕಟ್ಟೆಯ ಮೇಲಿಟ್ಟು ಪುಸ್ತಕ ಕೈಗೆ ತೆಗೆದುಕೊಂಡ; ಇನ್ನೂರಾ ಹನ್ನೆರಡು ಪುಟದಲ್ಲಿ ಗೆದ್ದ ಆಟ ಒಂದೂ ಇರಲಿಲ್ಲ.